ಗಿಡಕ್ಕ ಕೈ ಹಚ್ಚಬ್ಯಾಡ್ರಿ

ಆ ಮನೆಯ ಮುಂದೆ ಮೊದಲ ಸಲ ನಿಂತಾಗ ಬಾಗಿಲು ಎಲ್ಲಿದೆ ಅಂತಲೇ ನನಗೆ ಗೊತ್ತಾಗಲಿಲ್ಲ. ಮಾದನಾಯಕನಹಳ್ಳಿಯ ಒಳಗೆ, ಗೋಡೌನುಗಳು ಮುಗಿದು ಬಾಡಿಗೆ ರೂಮುಗಳ ಸಾಲು ಶುರುವಾಗುವ ಬೀದಿ. ಮನೆ ಸಣ್ಣದು, ಮುಂದೆ ಬಿಟ್ಟ ಜಾಗ ಇನ್ನೂ ಸಣ್ಣದು. ಒಂದು ಕಾರು ನಿಲ್ಲಿಸಿದರೆ ಪಕ್ಕದಲ್ಲಿ ಸ್ಕೂಟರ್ ನುಗ್ಗಿಸಲು ಒದ್ದಾಡಬೇಕು. ಅಷ್ಟರೊಳಗೇ ಹಳೇ ಸೆಂಟ್ರಿಂಗ್ ಹಲಗೆ, ತುಕ್ಕು ಹಿಡಿದ ತಗಡು, ನೀಲಿ ಡ್ರಮ್ಮು, ಸೌದೆ, ಚಕ್ರವಿಲ್ಲದ ಸೈಕಲ್ಲು. ಇವೆಲ್ಲದರ ಸುತ್ತ ಎದೆಮಟ್ಟದ ಕಾಂಪೌಂಡು, ಮೂಲೆಯಲ್ಲಿ ಒಂದು ಕಿರುಗುಟ್ಟುವ ಗೇಟು. ಒಳಗಿನಿಂದ ಪಟಪಟ ಅಂತ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆ ಸದ್ದಿನ ಹತ್ತಿರ ಹೋಗಲು ನಾನು ಸೀರೆ ಎತ್ತಿಕೊಂಡು ಹಲಗೆ ದಾಟಬೇಕಾಯಿತು.

ನಾನು ಮನೆಗಳ ಮುಂದೆ ತೋಟ ಮಾಡಿಕೊಡುವವಳು. ಹುಟ್ಟಿ ಬೆಳೆದದ್ದು ಆನೇಕಲ್ ಕಡೆ. ಆ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ತುಮಕೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ನರ್ಸರಿ ಇಟ್ಟು ಆಗಿನ್ನೂ ಒಂದು ಮಳೆಗಾಲವೂ ಕಳೆದಿರಲಿಲ್ಲ. ಬಾಯಿ ಸ್ವಲ್ಪ ಜೋರು. ಕೆಲಸ ಮಾಡಿಸುವವರಿಗೆ ಬಾಯಿ ಇಲ್ಲದಿದ್ದರೆ ನಡೆಯುವುದಿಲ್ಲ ಅನ್ನುವುದು ನನ್ನ ಸಮರ್ಥನೆ.

ನನ್ನನ್ನು ಕರೆಸಿದ್ದು ಆ ಮನೆಯ ಮಗಳು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಬೆಂಗಳೂರಲ್ಲೇ ಓದಿ ಬೆಳೆದ ಹುಡುಗಿ. ತಾಯಿ ಬಾಗಲಕೋಟೆ ಕಡೆಯವರು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಊರವರ ಮನೆಗಳನ್ನೆಲ್ಲ ಕಟ್ಟಿ, ಕಡೆಗೆ ತಮ್ಮದೊಂದು ಕಟ್ಟಿಕೊಂಡವರು. ಗಂಡ ತೀರಿಕೊಂಡ ಮೇಲೆ ಮುಂದಿನ ರೂಮಿನಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟರು. ಬೀದಿಯವರಿಗೆಲ್ಲ ಅವರು ರೊಟ್ಟಿ ಅಕ್ಕ. ಅವರ ಕಡೆಯ ಕೆಲಸಗಾರರು ಹೇಗೋ ನುಸುಳಿಕೊಂಡು ಬಂದು ಉಣ್ಣುತ್ತಿದ್ದರು. ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನವರು ಮಾತ್ರ ರೊಟ್ಟಿಯ ಹೆಸರು ಕೇಳಿ ಬರುವುದು, ಗೇಟಿನ ಹತ್ತಿರ ನಿಲ್ಲುವುದು, ವಾಪಸ್ ಹೋಗುವುದು.

"ಒಳಗೆ ಬನ್ನಿ ಅಂತ ಮನೇನೇ ಹೇಳ್ಬೇಕು ಮೇಡಂ, ಹಂಗೆ ಮಾಡ್ಕೊಡಿ," ಅಂದಳು ಮಗಳು. ಇಷ್ಟು ಚೆನ್ನಾಗಿ ಯಾರೂ ನನಗೆ ಕೆಲಸ ಹೇಳಿರಲಿಲ್ಲ.

ಅಳತೆ ಹಿಡಿಯುವಾಗ ರೊಟ್ಟಿ ಅಕ್ಕ ಬಾಗಿಲಿಗೆ ಬಂದು ನಿಂತರು. ಕೈಯೆಲ್ಲ ಹಿಟ್ಟು. ಮೆಟ್ಟಿಲ ಪಕ್ಕದಲ್ಲಿ ಒಂದು ದಾಸವಾಳದ ಗಿಡ, ಮೈ ತುಂಬ ಕೆಂಪು ಹೂ. ಅದರ ಹಿಂದೆ, ಅಂಗಳದ ಹೆಚ್ಚುಕಡಿಮೆ ಮಧ್ಯದಲ್ಲಿ, ಒಂದು ಭಾರಿ ನುಗ್ಗೆ ಮರ. ಅದರ ತಲೆ ಮಹಡಿಯ ನೀರಿನ ಟ್ಯಾಂಕನ್ನೂ ದಾಟಿ ಮೇಲಕ್ಕೆ ಹೋಗಿತ್ತು. ಅವರು ಗದ್ದವನ್ನು ಆ ಕಡೆಗೆ ಎತ್ತಿ ಹೇಳಿದರು: "ಏನಾರ ಮಾಡ್ರಿ ಬಾಯಾರ, ಗಿಡಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ."

ದೇವರ ಪೂಜೆಗೆ ಹೂ ಕೊಡುವ ಗಿಡ ಅಲ್ಲವಾ, ಸರಿ ಅಂದುಕೊಂಡೆ. ದಾಸವಾಳದ ಸುತ್ತ ನಾನೇ ಒಂದು ದಾರ ಕಟ್ಟಿ, ನಮ್ಮ ಮೇಸ್ತ್ರಿಗೆ ಇದನ್ನು ಮುಟ್ಟಿದರೆ ಜೋಕೆ ಅಂತ ಹೇಳಿಟ್ಟೆ. ಮೇಸ್ತ್ರಿ ಧರ್ಮಪುರಿಯವರು, ತಲೆ ಆಡಿಸಿದರು.

ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ. ಅಂಗಳವೆಲ್ಲ ಮನೆಯ ಕಡೆಗೇ ಇಳಿಜಾರು, ಮಳೆ ಬಂದರೆ ನೀರು ಹೊಸಿಲಿಗೇ ಬಂದು ನಿಲ್ಲುತ್ತಿತ್ತು. ಅದನ್ನು ತಿರುಗಿಸಿ ರಸ್ತೆಯ ಚರಂಡಿಗೆ ಬಿಡಬೇಕು. ಗೇಟನ್ನು ಮೂಲೆಯಿಂದ ಕಿತ್ತು ನಡುವೆ ತರಬೇಕು, ಅಲ್ಲಿಂದ ಬಾಗಿಲಿಗೆ ನೆಟ್ಟಗೆ ಕಲ್ಲುಹಾಸಿನ ದಾರಿ. ರಸ್ತೆಯಲ್ಲಿ ನಿಂತವರಿಗೆ ಬಾಗಿಲು ಕಂಡರೆ ಅರ್ಧ ಕೆಲಸ ಆದಂತೆ. ಆ ದಾರಿಯ ಮಧ್ಯದಲ್ಲಿ ನುಗ್ಗೆ ಮರ ನಿಂತಿತ್ತು. ನಮ್ಮ ಕಡೆ ಮುಂಬಾಗಿಲಿಗೆ ನುಗ್ಗೆ ಯಾರೂ ಇಡುವುದಿಲ್ಲ. ದೆವ್ವ ಜೋತು ಬೀಳುತ್ತೆ ಅಂತ ನಮ್ಮಜ್ಜಿ ಹೆದರಿಸುತ್ತಿದ್ದರು. ದೆವ್ವದ ಮಾತು ಹಾಗಿರಲಿ, ಕೊಂಬೆ ಪೆಳಸು, ಗಾಳಿ ಬಂದರೆ ಮುರಿದು ಬೀಳುತ್ತೆ. ಮಳೆಗಾಲದಲ್ಲಿ ಕಂಬಳಿಹುಳ ಬೇರೆ. ಊಟಕ್ಕೆ ಬಂದವರ ತಲೆ ಮೇಲೆ ಕಂಬಳಿಹುಳ ಬಿದ್ದರೆ ಮತ್ತೆ ಬರುತ್ತಾರಾ?

ಮಗಳಿಗೆ ಫೋನ್ ಮಾಡಿದೆ. ಮರದ ವಿಷಯ ಅಮ್ಮನನ್ನೇ ಕೇಳಿ ಅಂದಳು. ಅಮ್ಮನ ಹತ್ತಿರ ಹೋಗಿ, ಅದರ ಕಡೆ ಕೈ ತೋರಿಸಿ, "ಅಮ್ಮಾ, ಆ ಮರ ತೆಗೆಸಿಬಿಡ್ಲಾ?" ಅಂತ ಕೇಳಿದೆ.

"ತೆಗೀರಿ, ಅದಕ್ಕೇನ್ ಕೇಳ್ತೀರಿ," ಅಂತ ನಕ್ಕೇಬಿಟ್ಟರು.

ಎಂಥ ಸಲೀಸಾದ ಹೆಂಗಸು ಅನ್ನಿಸಿತು. ಎಷ್ಟೋ ಮನೆಗಳಲ್ಲಿ ಒಂದು ಒಣಗಿದ ಕ್ರೋಟನ್ ಕೀಳುವುದಕ್ಕೆ ಮೂರು ಸಲ ಮೀಟಿಂಗ್ ಆಗುತ್ತೆ. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದು, ನುಗ್ಗೆಯ ಬುಡಕ್ಕೆ ಒರಗಿಸಿಟ್ಟಿದ್ದ ಮೊರವನ್ನು ಎತ್ತಿಕೊಂಡು ಒಳಗೆ ಹೋದರು. ಅದನ್ನೂ ನೋಡಿದೆ.

ಮರ ಹತ್ತುವವನನ್ನು ಕರೆಸಿದ ದಿನ ಬೆಳಗ್ಗೆ ರೊಟ್ಟಿ ಅಕ್ಕ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದರು. ಪಕ್ಕದಲ್ಲೇ ಕರೆಂಟಿನ ತಂತಿ ಇದ್ದದ್ದರಿಂದ ಒಂದೊಂದು ಕೊಂಬೆಗೂ ಹಗ್ಗ ಬಿಗಿದು, ಮೇಲಿನಿಂದ ಕೊಯ್ಯುತ್ತಾ, ಮೆಲ್ಲಗೆ ಕೆಳಗೆ ಬಿಡಬೇಕಾಯಿತು. ನುಗ್ಗೆ ಮೆತ್ತಗಿನ ಮರ, ಸೌತೆಕಾಯಿ ಹೆಚ್ಚಿದ ಹಾಗೆ ಗರಗಸ ಇಳಿಯುತ್ತೆ. ಕೊಯ್ದ ಕಡೆಯಲ್ಲೆಲ್ಲ ಅಂಟು ಒಸರಿತು. ಕೊಂಬೆಗಳೆಲ್ಲ ಇಳಿದು, ಆಳೆತ್ತರದ ಬೋಳು ಕಾಂಡ ಮಾತ್ರ ಉಳಿದಾಗ, ಬುಡಕ್ಕೆ ಗರಗಸ ಹಾಕುವ ಮುಂಚೆ ಅವನು ನೀರು ಕುಡಿಯಲು ಕೂತ. ಅಂಗಳಕ್ಕೆ ಮೊದಲ ಸಲ ಬಿಸಿಲು ಬಿದ್ದಿತ್ತು. ಬಾಗಿಲು ರಸ್ತೆಗೆ ಕಾಣುತ್ತಿತ್ತು. ನನಗೆ ಖುಷಿಯೋ ಖುಷಿ.

ಆಗ ಅವರು ಬಂದರು, ಸೊಂಟದ ಮೇಲೆ ಹಿಟ್ಟಿನ ಡಬ್ಬ. ಗೇಟಿನ ಹತ್ತಿರ ನಿಂತರು. ಡಬ್ಬ ಕೆಳಗಿಟ್ಟರು.

"ಗಿಡ ಎಲ್ರೀ?"

ನಾನು ಹೆಮ್ಮೆಯಿಂದ ದಾಸವಾಳ ತೋರಿಸಿದೆ. "ಇಲ್ಲೇ ಇದೆಯಲ್ಲಮ್ಮ. ಒಂದು ಎಲೆ ಮುಟ್ಟಿಲ್ಲ, ದಾರ ಕಟ್ಟಿದ್ದೀನಿ."

ಅವರು ದಾಸವಾಳ ನೋಡಲಿಲ್ಲ. ಬಿದ್ದಿದ್ದ ಕೊಂಬೆಗಳ ಮೇಲೆ ಕೂತುಬಿಟ್ಟರು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಜಗಳ ಆಡಲು ಬರುತ್ತಿತ್ತು. ನೀವೇ ತೆಗೀರಿ ಅಂದ್ರಲ್ಲಮ್ಮ, ಮರ ತೆಗೆಸ್ಲಾ ಅಂತ ಕೇಳಿದ್ದೆನಲ್ಲ ಅಂತ ನಾನೇ ದನಿ ಏರಿಸಿದೆ. ಅವರು ನನ್ನ ಮುಖವನ್ನೇ ನೋಡಿ, ಮಗುವಿಗೆ ಹೇಳುವ ಹಾಗೆ ನಿಧಾನಕ್ಕೆ ಹೇಳಿದರು. ಮರ ಅಂದರೆ ಜೋಳ ಕೇರುವ ಮರ ಅಲ್ಲವೇನ್ರೀ, ಅದನ್ನು ಅವತ್ತೇ ಒಳಗೆ ಇಟ್ಟೆನಲ್ಲ ಅಂದರು.

ಅವರ ಬಾಯಲ್ಲಿ ಮರ ಅಂದರೆ ಮೊರ. ಗಿಡ ಅಂದರೆ ಮರ. ಬೇವಿನ ಗಿಡ, ಹುಣಸಿ ಗಿಡ, ಆಕಾಶಕ್ಕೆ ಹೋದರೂ ಅವರಿಗೆ ಅದು ಗಿಡವೇ. ಒಂದೇ ಕನ್ನಡ ಅಂತ ಅಂದುಕೊಂಡು ಇಬ್ಬರೂ ಒಬ್ಬರಿಗೊಬ್ಬರು ಹೂಂ ಅಂದಿದ್ದೆವು. ಗರಗಸ ಕೆಳಗಿಡು ಅಂತ ಮರ ಹತ್ತುವವನಿಗೆ ಕೂಗಿದೆ. ಅವನು ಬೆಚ್ಚಿ ನೀರಿನ ಚೊಂಬನ್ನೂ ಕೆಳಗಿಟ್ಟ.

"ನಮ್ಮಣ್ಣ ಈಗ ಹ್ಯಾಂಗ ಬರ್ತಾನ?" ಅಂದರು ರೊಟ್ಟಿ ಅಕ್ಕ. ನನ್ನನ್ನು ಕೇಳಿದ್ದಲ್ಲ ಅದು.

ಅಣ್ಣನ ವಿಷಯ ಆಮೇಲೆ ತಾಯಿಯೂ ಮಗಳೂ ತುಂಡುತುಂಡಾಗಿ ಹೇಳಿದರು. ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತಿಲ್ಲ, ಅಕ್ಷರ ಬರುವುದಿಲ್ಲ. ಊರಲ್ಲಿ ಒಬ್ಬರೇ ಇರುತ್ತಾರೆ. ಪ್ರತಿ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ, ಯಾರಿಗೂ ಹೇಳದೆ, ಹೊಸ ಜೋಳದ ಚೀಲ ಹೆಗಲ ಮೇಲೆ ಹಾಕಿಕೊಂಡು, ಸಿಕ್ಕಿದ ಬಸ್ಸೋ ಲಾರಿಯೋ ಹತ್ತಿ ತಂಗಿಯ ಮನೆಗೆ ಬಂದುಬಿಡುತ್ತಾರೆ. ಎರಡು ದಿನ ಕಾಣದಿದ್ದಾಗಲೇ ಅವರು ಹೊರಟದ್ದು ಊರವರಿಗೆ ಗೊತ್ತಾಗುವುದು. ಮನೆ ಹೊಸದಾಗಿದ್ದಾಗ ಒಮ್ಮೆ ಬಂದವರು ಬೀದಿ ಸಿಗದೆ ಕಳೆದುಹೋಗಿದ್ದರು. ಗಂಡ ಹೆಂಡತಿ ಕೆಲಸ ಬಿಟ್ಟು ಹುಡುಕಿದರು. ಕೊನೆಗೆ ನೆಲಮಂಗಲದ ಹತ್ತಿರ ಯಾವುದೋ ಹೋಟೆಲಿನ ಹಿಂದೆ ಪಾತ್ರೆ ಉಜ್ಜುತ್ತಾ ಸಿಕ್ಕರಂತೆ, ತಂಗಿಯನ್ನು ಕಂಡು ಕೈಯಲ್ಲಿದ್ದ ತಪ್ಪಲೆ ಬಿಟ್ಟರಂತೆ. ಮರುವರ್ಷ ಊರಿನಿಂದ ಒಂದು ನುಗ್ಗೆ ಕೊಂಬೆ ಹೊತ್ತು ತಂದು, ತಾವೇ ಅಂಗಳದಲ್ಲಿ ಗುಂಡಿ ತೋಡಿ ನೆಟ್ಟು ಹೋದರು. ಅಲ್ಲಿಂದ ಈಚೆಗೆ ಬೀದಿ ಎಷ್ಟು ಬದಲಾದರೂ ಅವರು ತಪ್ಪಿಸಿಕೊಂಡಿಲ್ಲ. ದೊಡ್ಡ ರಸ್ತೆಯಲ್ಲಿ ಇಳಿದು, ಮನೆಗಳ ಮೇಲಿನ ಆ ತಲೆ ನೋಡಿಕೊಂಡು ನಡೆದು ಬರುತ್ತಾರೆ.

ಈ ವರ್ಷದ ಸುಗ್ಗಿ ಊರಲ್ಲಿ ಆಗಲೇ ಶುರುವಾಗಿತ್ತು.

ಮಗಳು ಸಂಜೆ ಬಂದು ಸರಿಯಾಗಿ ಉಗಿದಳು. ಅನ್ನಿಸಿಕೊಂಡೆ. ಆಮೇಲೆ ಅವಳೇ ಉಪಾಯ ಹುಡುಕಿದಳು: ಊರಿನ ಪಕ್ಕದ ಮನೆಯವರಿಗೆ ವಿಡಿಯೋ ಕಾಲ್ ಮಾಡಿ ಮಾಮನಿಗೆ ತೋರಿಸೋಣ. ಮಾಡಿದೆವು. ಪರದೆಯಲ್ಲಿ ತಂಗಿಯ ಮುಖ ಕಂಡದ್ದೇ ಆ ಮನುಷ್ಯ ನಕ್ಕರು ನೋಡಿ, ಆ ನಗು ನನ್ನ ಕಣ್ಣಲ್ಲಿ ಇನ್ನೂ ಇದೆ. ಫೋನನ್ನು ಬೋಳು ಕಾಂಡದ ಕಡೆ ತಿರುಗಿಸಿದರೆ ಅವರಿಗೆ ತಂಗಿ ಕಾಣಲಿಲ್ಲ, ಮಾತು ಮುಗಿಯಿತು ಅಂದುಕೊಂಡು ಫೋನನ್ನು ಪಕ್ಕದ ಮನೆಯವರಿಗೆ ವಾಪಸ್ ಕೊಟ್ಟು ಎದ್ದುಹೋದರು. ಮತ್ತೆ ಮತ್ತೆ ಪ್ರಯತ್ನಿಸಿದೆವು. ಪ್ರತಿ ಸಲವೂ ಅಷ್ಟೇ.

ಅವತ್ತು ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಗೇಟಿನಲ್ಲೇ ನಿಂತರು. ಬೀದಿಯ ರೂಮುಗಳಲ್ಲಿರುವವರು, ಲೇತ್ ಮಿಷನ್ನಿನವರು, ಗಾರೆಯವರು, ಗೋಡೌನಿನಲ್ಲಿ ಮೂಟೆ ಹೊರುವವರು. ಕೊಪ್ಪಳದ ಒಬ್ಬ ಲೇತ್ ಆಪರೇಟರ್, ತಾನು ಮೊದಲ ಸಲ ಬೆಂಗಳೂರಿಗೆ ಹೊರಟಾಗ ಊರಲ್ಲಿ ಹೇಳಿ ಕಳಿಸಿದ್ದು ಇಷ್ಟೇ ಅಂದ: "ನುಗ್ಗಿ ಗಿಡದ ಮನಿಗೆ ಹೋಗು, ಊಟ ಸಿಗ್ತೈತಿ, ರೂಮ್ ಎಲ್ಲೈತಿ ಅಕ್ಕಾರ ಹೇಳ್ತಾರ." ಪಕ್ಕದವನು, ನನಗೂ ಹಾಗೇ ಹೇಳಿದ್ರು ಅಂದ. ಅವನ ಹಿಂದಿದ್ದವನೂ ಅದನ್ನೇ ಅಂದ. ಗದಗ, ಯಾದಗಿರಿ, ಮುದ್ದೇಬಿಹಾಳ. ಯಾರೂ ಈ ಬೀದಿಯ ಹೆಸರು ಹೇಳಲಿಲ್ಲ, ಅದಕ್ಕೊಂದು ಹೆಸರಿದೆ ಅಂತ ಅವರಿಗೆ ಗೊತ್ತೂ ಇರಲಿಲ್ಲ. ಅಬ್ಬಾ ಅನ್ನಿಸಿತು ನನಗೆ. ಒಂದು ಮರ ಅಷ್ಟು ದೂರದ ಊರುಗಳಲ್ಲಿ ಕೂತವರಿಗೆ ಗೊತ್ತಿತ್ತು, ಜನ ಅದನ್ನು ಬಾಯಲ್ಲೇ ಒಯ್ದಿದ್ದರು. ಜನರನ್ನು ಒಳಗೆ ಕರೆಯುವ ಅಂಗಳ ಮಾಡಿಕೊಡಲು ಬಂದವಳು ನಾನು, ಕರೆಯುತ್ತಿದ್ದದ್ದನ್ನೇ ಇಳಿಸಿ ಅಂಗಳದಲ್ಲಿ ಮಲಗಿಸಿದ್ದೆ. ಊಟಕ್ಕೆ ಕೂರದೆ ಮನೆಗೆ ಹೋದೆ.

ಮರುದಿನ ಬೆಳಗ್ಗೆ ನನ್ನ ನಕ್ಷೆಯನ್ನು ಮಡಿಚಿ, ಗಿಡ ಸಾಗಿಸುವ ನನ್ನ ಟೆಂಪೋದ ಸೀಟಿನ ಕೆಳಗೆ ಹಾಕಿದೆ. ಮೇಸ್ತ್ರಿ ಆಗಲೇ ದಾರಿಗೆ ದಾರ ಹಿಡಿದು ಗೂಟ ಹೊಡೆದಿದ್ದರು. ಎಲ್ಲ ಕಿತ್ತುಹಾಕಿ, ಕಾಂಡ ಇದ್ದಲ್ಲೇ ಇರುತ್ತೆ, ದಾರಿ ಅದನ್ನು ಸುತ್ತಿಕೊಂಡು ಹೋಗಬೇಕು ಅಂದೆ. ನೆಟ್ಟಗಿನ ದಾರಿಗೆ ಕೊಯ್ಸಿದ ಕಲ್ಲು ಬಳಸು ದಾರಿಗೆ ಕೂರುವುದಿಲ್ಲ ಅಂತ ಅವರು ಗೊಣಗಿದರು. ಮತ್ತೆ ಕೊಯ್ಸೋಣ ಅಂದೆ. ಆ ಮನೆಯಲ್ಲಿ ನಾನು ಮಾಡಿದ ಸರಿಯಾದ ತೀರ್ಮಾನ ಇದೊಂದೇ.

ನುಗ್ಗೆಗೆ ಒಂದು ಗುಣ ಇದೆ, ನಮ್ಮ ಆನೇಕಲ್ ಕಡೆ ಬೇಲಿ ಹಾಕುವವರಿಗೆಲ್ಲ ಗೊತ್ತು. ತೋಳಿನಷ್ಟು ದಪ್ಪದ ಕೊಂಬೆ ಕಡಿದು ನೆಟ್ಟರೆ ಅದೇ ಮರವಾಗುತ್ತೆ. ಆದರೆ ಹಸಿಯಾಗಿ ನೆಟ್ಟರೆ ಕೊಳೆಯುತ್ತೆ. ಕೊಂಬೆಗಳನ್ನು ಆಳೆತ್ತರಕ್ಕೆ ಕತ್ತರಿಸಿ, ಮೇಲಿನ ತುದಿಯಲ್ಲಿ ನೀರು ನಿಲ್ಲದಂತೆ ಓರೆಯಾಗಿ ಕೊಯ್ದು, ಮನೆಯ ಪಕ್ಕದ ನೆರಳಿನಲ್ಲಿ ಕೆಲವು ದಿನ ಒರಗಿಸಿಟ್ಟೆವು. ಗಾಯ ಒಣಗಿ ಬಿಗಿಯಾದ ಮೇಲೆ ತುದಿಗಳಿಗೆ ಸಗಣಿಯಲ್ಲಿ ಸುಣ್ಣ ಕಲಸಿ ಮೆತ್ತಿದೆವು. ಬೋಳು ಕಾಂಡಕ್ಕೂ ಅದೇ ಟೋಪಿ.

ನೆಡಲು ಜಾಗ ಎಲ್ಲಿ ಅಂತ ನಾನು ಯೋಚಿಸುತ್ತಿದ್ದರೆ ಬೀದಿಯವರೇ ಬಂದು ಒಂದೊಂದು ಹೊತ್ತುಕೊಂಡು ಹೋದರು. ರೂಮಿನ ಮುಂದೆ, ಚರಂಡಿಯ ಪಕ್ಕ, ಟ್ರಾನ್ಸ್‌ಫಾರ್ಮರ್ ಬೇಲಿಯ ಆಚೆ, ಎಲ್ಲಿ ಮಣ್ಣಿತ್ತೋ ಅಲ್ಲಿ ಮರಳು ಬೆರೆಸಿ ನೆಟ್ಟರು. ಕೊನೆಗೆ ಒಂದು ಸೊಟ್ಟ ಕೊಂಬೆ ಯಾರಿಗೂ ಬೇಡದೆ ಉಳಿಯಿತು. ದಂಡ ಮಾಡುವುದೇಕೆ ಅಂತ ಟೆಂಪೋಗೆ ಹಾಕಿಕೊಂಡು ಬಂದು ನನ್ನ ನರ್ಸರಿಯ ಗೇಟಿನ ಪಕ್ಕ ಊರಿದೆ.

ಅಂಗಳದ ಕೆಲಸ ಮುಂದುವರಿಯಿತು. ಅಗೆದರೆ ಮಣ್ಣೇ ಇರಲಿಲ್ಲ, ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಟೈಲ್ಸ್ ತುಂಡು. ಅದನ್ನೆಲ್ಲ ತೆಗೆಸಿ ಕೆಮ್ಮಣ್ಣು, ಗೊಬ್ಬರ ತುಂಬಿಸಿದೆ. ಎದೆಮಟ್ಟದ ಗೋಡೆಯನ್ನು ಮೊಣಕಾಲಿಗೆ ಇಳಿಸಿ ಮೇಲೆ ಅಗಲವಾದ ಕಲ್ಲು ಹಾಸಿದಾಗ ಅದೇ ಒಂದು ಕಟ್ಟೆಯಾಯಿತು. ಸಿಮೆಂಟು ಒಣಗುವ ಮುಂಚೆಯೇ ಯಾರೋ ಅದರ ಮೇಲೆ ಕೂತಿದ್ದರು. ದಾರಿಯ ಕಲ್ಲು ಕಾಂಡದ ಹತ್ತಿರ ಮೆಲ್ಲಗೆ ಬಳಸಿ, ದಾಸವಾಳ ದಾಟಿ ಮೆಟ್ಟಿಲಿಗೆ ಸೇರಿತು. ಕಾಂಡದ ಸುತ್ತ ಕಾಂಕ್ರೀಟ್ ಮುಟ್ಟದಂತೆ ಮಣ್ಣಿನ ಬಳೆ ಬಿಟ್ಟೆ. ಬದುವಿಗೆ ಪುದೀನ, ಕನಕಾಂಬರ, ಅಡುಗೆಗೆ ಕೈಗೆ ಸಿಗುವ ಹಾಗೆ ಕರಿಬೇವು. ಒಲೆಯನ್ನು ಮುಂದಿನ ಕಿಟಕಿಯ ಪಕ್ಕಕ್ಕೆ ತಂದೆವು, ಬರುವವರಿಗೆ ರೊಟ್ಟಿ ಬಡಿಯುವ ಕೈ ಕಾಣಲಿ ಅಂತ.

ಜನ ಬಂದರು. ಅಪಾರ್ಟ್‌ಮೆಂಟಿನವರು ಮಕ್ಕಳ ಜೊತೆ ಬಂದು, ಒಳಗೆ ಬರಬಹುದಾ ಅಂತ ಕೇಳದೇ ನೇರ ಒಳಗೆ ಹೋದರು. ಇನ್ನೊಂದು ಸಲವಾಗಿದ್ದರೆ ನಾನು ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತಿದ್ದೆ. ಈ ಸಲ ಕೈ ಬರಲಿಲ್ಲ. ರೊಟ್ಟಿ ಅಕ್ಕ ಬೆಳಗ್ಗೆ ಒಲೆ ಹಚ್ಚುವ ಮೊದಲು ದೊಡ್ಡ ರಸ್ತೆಗೆ ಹೋಗಿ, ಬಸ್ಸುಗಳು ನಿಲ್ಲುವ ಕಡೆ ನಿಂತು ಬರಲು ಶುರುಮಾಡಿದ್ದರು. ಇಳಿಯುವವರ ಮುಖ ನೋಡುವುದು, ಲಾರಿಗಳನ್ನು ನೋಡುವುದು. ಬಿಸಿಲೇರಿದ ಮೇಲೆ ವಾಪಸ್. ರೊಟ್ಟಿ ಅರ್ಧಕ್ಕೆ ಇಳಿಯಿತು. ನನ್ನ ಜೊತೆ ಬೇಕಾದಷ್ಟೇ ಮಾತು.

ಕಾಂಡ ನನ್ನನ್ನು ಬಹಳ ಆಟ ಆಡಿಸಿತು. ಅಕಾಲದಲ್ಲಿ ಒಂದು ಮಳೆ ಹೊಡೆದು, ಸಗಣಿ ಟೋಪಿ ತೊಳೆದುಹೋಗಿ, ಒಂದು ಪಕ್ಕ ಮೆತ್ತಗಾಗಿ ಕಪ್ಪಿಟ್ಟಿತು. ಉಗುರಿನಿಂದ ಕೆರೆದರೆ ಒಳಗೂ ಕಪ್ಪು. ಅಳು ಬಂತು ನನಗೆ, ಸುಳ್ಳೇಕೆ ಹೇಳಲಿ. ಕೊಳೆತಷ್ಟನ್ನು ಓರೆಯಾಗಿ ಕೊಯ್ದು, ಬಿಳಿ ತಿರುಳು ಕಾಣುವವರೆಗೆ ಕೆರೆದು, ಮತ್ತೆ ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿದೆ. ದಿನಾ ಬಂದು ನೋಡುತ್ತಿದ್ದೆ. ಏನೂ ಇಲ್ಲ. ಒಣ ಕಂಬ.

ಒಂದು ಬೆಳಗ್ಗೆ ತೊಗಟೆಯ ಮೇಲೆ ಹಸಿರು ಚುಕ್ಕೆಗಳು ಕಂಡವು. ಪಾಚಿ ಇರಬೇಕು ಅಂತ ಬೆರಳಿಟ್ಟರೆ ಮೊಳಕೆ. ಅಷ್ಟು ದಪ್ಪ ಒರಟು ತೊಗಟೆಯನ್ನು ಒಳಗಿನಿಂದ ಸೀಳಿಕೊಂಡು, ಗುಂಡುಸೂಜಿಯ ತಲೆಯಷ್ಟು ಮೆತ್ತಗಿನ ಒಂದು ವಸ್ತು ಹೊರಗೆ ಬಂದಿದೆ! ಒಂದಲ್ಲ, ಕಾಂಡದ ಸುತ್ತಲೂ. ಈ ಕೆಲಸದಲ್ಲಿ ಎಷ್ಟು ಚಿಗುರು ನೋಡಿಲ್ಲ ನಾನು? ಆದರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೇಸ್ತ್ರಿ ಕರೆದರೂ ಏಳದೆ ನೋಡುತ್ತಾ ಇದ್ದೆ. ಬೀದಿಯಲ್ಲಿ ಹೋಗಿ ನೋಡಿದರೆ ಬೇರಿಲ್ಲದ ಆ ಕೊಂಬೆಗಳೂ ಅಲ್ಲಲ್ಲಿ ಹಸಿರು ಹಿಡಿದಿದ್ದವು. ತಲೆ ಕಡಿದವಳು ನಾನು, ಅದಕ್ಕೆ ನನ್ನ ಮೇಲೆ ಯಾವ ಸಿಟ್ಟೂ ಇದ್ದಂತಿರಲಿಲ್ಲ. ಸುಮ್ಮನೆ ತನ್ನ ಕೆಲಸ ಶುರುಮಾಡಿತ್ತು. ರೊಟ್ಟಿ ಅಕ್ಕನನ್ನು ಕರೆದು ತೋರಿಸಿದೆ. ಅವರು ಮೊಳಕೆ ಸವರಿ, ದೊಡ್ಡದಾಗಲು ಎಷ್ಟು ದಿನ ಅಂತ ಕೇಳಿದರು. ಮನೆಗಳ ಮೇಲೆ ಕಾಣಬೇಕಾದರೆ ಎರಡು ಮಳೆಗಾಲ ಬೇಕು ಅನ್ನುವುದನ್ನು ನಾನು ಹೇಳಲಿಲ್ಲ, ಅವರಿಗೆ ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಊರಿನಿಂದ ಫೋನ್ ಬಂತು. ಅಣ್ಣ ಕಾಣುತ್ತಿಲ್ಲ, ಜೋಳದ ಚೀಲವೂ ಇಲ್ಲ.

ಅವತ್ತೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಮಗಳು ರಜೆ ಹಾಕಿ ಫೋಟೋವನ್ನು ಸಿಕ್ಕ ಸಿಕ್ಕ ಗ್ರೂಪುಗಳಿಗೆಲ್ಲ ಕಳಿಸಿದಳು. ಬೀದಿಯವರು ಶಿಫ್ಟ್ ಮುಗಿಸಿ ಬೈಕಿನಲ್ಲಿ ನೆಲಮಂಗಲದವರೆಗೆ, ಈ ಕಡೆ ಗೊರಗುಂಟೆಪಾಳ್ಯದವರೆಗೆ ಹುಡುಕಿದರು. ನಾನು ಕೂಡ ಟೆಂಪೋದಲ್ಲಿ ಸುತ್ತಿ ಹೋಟೆಲುಗಳ ಹಿಂದೆಲ್ಲ ನೋಡಿಕೊಂಡು ಬಂದೆ. ರೊಟ್ಟಿ ಅಕ್ಕ ಮಾತ್ರ ಈಗ ದೊಡ್ಡ ರಸ್ತೆಗೆ ಹೋಗುವುದು ಬಿಟ್ಟು ಕಿಟಕಿಯ ಹಿಂದೆ ಕೂತು ರೊಟ್ಟಿ ಬಡಿದೇ ಬಡಿದರು. ಬಂದವನಿಗೆ ಮನೆಯಲ್ಲಿ ಯಾರೂ ಇರದೆ ಹೋಗಬಾರದಲ್ಲ ಅಂದರು. ತಲೆ ಎತ್ತುತ್ತಿರಲಿಲ್ಲ.

ಆಮೇಲೊಂದು ಬೆಳಗ್ಗೆ ನರ್ಸರಿಯಲ್ಲಿ ಮಣ್ಣು, ತೆಂಗಿನ ನಾರಿನ ಪುಡಿ ಕಲಸುತ್ತಿದ್ದೆ. ಗೇಟಿನಿಂದ ಯಾರೋ ಒಳಗೆ ಬಂದರು. ಧೋತರ, ತಲೆಗೆ ರುಮಾಲು, ಮೈಯೆಲ್ಲ ಧೂಳು. ಗಿಡ ಕೊಳ್ಳುವ ಮುಖ ಅಲ್ಲ. "ಏನ್ ಬೇಕಿತ್ತು ಯಜಮಾನ್ರೇ?" ಅಂದೆ. ಉತ್ತರ ಇಲ್ಲ. ನನ್ನನ್ನು ದಾಟಿಕೊಂಡು ಸೀದಾ ತಗಡಿನ ಶೆಡ್ಡಿಗೆ, ನಾನು ಬಟ್ಟೆ ಬದಲಿಸುವ ಜಾಗಕ್ಕೇ ನುಗ್ಗಿದರು. ಅಲ್ಲಿ ಗೊಬ್ಬರದ ಚೀಲಗಳ ಹಿಂದೆಲ್ಲ ಇಣುಕಿ ನೋಡಿದರು. ನನ್ನ ಪಿತ್ತ ನೆತ್ತಿಗೇರಿತು.

"ರೀ, ಎಲ್ಲಿಗ್ರೀ ನುಗ್ತೀರಾ? ಕಿವಿ ಕೇಳ್ಸಲ್ವಾ ನಿಮ್ಗೆ?"

ಬಾಯಿಂದ ಮಾತು ಬಿದ್ದ ಮೇಲೆ ನನಗೆ ಕೇಳಿಸಿತು. ಗೇಟಿನ ಕಡೆ ನೋಡಿದೆ. ಆ ಸೊಟ್ಟ ಕೊಂಬೆ, ತಲೆಯ ಮೇಲೆ ಹಸಿರು ಕುಚ್ಚು ಬಿಟ್ಟುಕೊಂಡು ನಿಂತಿತ್ತು. ಅದರ ಬುಡದಲ್ಲಿ ಒಂದು ಜೊತೆ ಚಪ್ಪಲಿ ಅಚ್ಚುಕಟ್ಟಾಗಿ ಬಿಟ್ಟಿತ್ತು, ಪಕ್ಕದಲ್ಲಿ ಜೋಳದ ಚೀಲ.

ಅದು ತನ್ನದೇ ಮರದ ಕೊಂಬೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದೆಯೂ ಇರಬಹುದು. ಬಾಗಿಲಲ್ಲಿ ನುಗ್ಗೆ ಕಂಡಿತು, ತಂಗಿಯ ಮನೆ ಅಂತ ಬಂದರು. ಅವರು ಹೊರಗೆ ಬಂದು ನನ್ನನ್ನು ಕೊಂಬೆಯ ಹತ್ತಿರ ಕರೆದುಕೊಂಡು ಹೋಗಿ, ಅದರ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈ ತಿರುಗಿಸಿ ಕೇಳಿದರು: ಎಲ್ಲಿ? ಕಣ್ಣಲ್ಲಿ ಅಷ್ಟು ಗಾಬರಿ. ನಾನು ಚಪ್ಪಲಿ ಮುಂದಿಟ್ಟು, ಚೀಲ ನನ್ನ ಹೆಗಲಿಗೆ ಹಾಕಿಕೊಂಡು, ಅವರ ಕೈ ಹಿಡಿದು ನಡೆದೆ. ಫೋನ್ ಮಾಡಬೇಕು ಅಂತ ಕೂಡ ನನಗೆ ಹೊಳೆಯಲಿಲ್ಲ.

ಬೀದಿಗೆ ತಿರುಗಿದಾಗ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ನುಗ್ಗೆ. ಅವರು ನಿಂತರು, ಮುಟ್ಟಿದರು. ರೂಮುಗಳ ಮುಂದೆ ಇನ್ನೊಂದು. ಚರಂಡಿಯ ಪಕ್ಕ ಮತ್ತೊಂದು. ಪ್ರತಿಯೊಂದನ್ನೂ ಮುಟ್ಟಿ ನನ್ನ ಮುಖ ನೋಡುತ್ತಿದ್ದರು, ಮಗು ಜಾತ್ರೆಯಲ್ಲಿ ನೋಡುವ ಹಾಗೆ. ರಾತ್ರಿಪಾಳಿ ಮುಗಿಸಿ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಮ್ಮ ಹಿಂದೆ ಬಂದರು.

ಮನೆಯ ಮುಂದೆ ಬೋಳು ಕಾಂಡ ಕಂಡಾಗ ಅವರ ಕೈ ನನ್ನ ಕೈಯಿಂದ ಜಾರಿತು. ಬಹಳ ಹೊತ್ತು ತಲೆ ಎತ್ತಿ, ಅಲ್ಲಿ ಇಲ್ಲದ ಕೊಂಬೆಗಳನ್ನು ನೋಡಿದರು. ಎರಡೂ ತೋಳು ಮೇಲೆತ್ತಿ ಅಗಲಿಸಿ, ಇಷ್ಟು ದೊಡ್ಡದಿತ್ತಲ್ಲ ಅಂತ ನನಗೆ ತೋರಿಸಿದರು. ನಾನು ನನ್ನ ಎದೆ ಮುಟ್ಟಿ, ಕತ್ತರಿಸಿದ ಹಾಗೆ ಕೈ ಆಡಿಸಿದೆ. ಅವರು ನನ್ನನ್ನು ನೋಡಿದರು. ಮತ್ತೆ ಕಾಂಡದ ಸುತ್ತ ಎದ್ದಿದ್ದ ಚಿಗುರು ನೋಡಿದರು. ಎತ್ತಿನ ಬೆನ್ನು ತಟ್ಟಿದ ಹಾಗೆ ಕಾಂಡವನ್ನು ಎರಡು ಸಲ ತಟ್ಟಿ, ಬಳಸು ದಾರಿಯಲ್ಲಿ ಒಳಗೆ ನಡೆದರು.

ರೊಟ್ಟಿ ಅಕ್ಕ ಕಿಟಕಿಯ ಹಿಂದೆ ತಲೆ ಬಗ್ಗಿಸಿ ರೊಟ್ಟಿ ಬಡಿಯುತ್ತಿದ್ದರು. ಕರೆಯಲು ಅಣ್ಣನಿಗೆ ದನಿ ಇಲ್ಲ. ನನಗಿತ್ತು, ಆದರೆ ಕರೆಯುವ ಸರದಿ ನನ್ನದಲ್ಲ ಅಂತ ಗೇಟಿನಲ್ಲೇ ನಿಂತೆ. ಅಣ್ಣ ಕಿಟಕಿಯ ಮುಂದೆ ಹೋಗಿ ನಿಂತರು. ಅವರ ನೆರಳು ಹಿಟ್ಟಿನ ಮೇಲೆ ಬಿತ್ತು. ಬಡಿಯುವ ಸದ್ದು ನಿಂತಿತು.

ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದರೂ ಯಾರೂ ತೆಗೆಯಲಿಲ್ಲ. ರೊಟ್ಟಿ ಅಕ್ಕ ಹೊರಗೆ ಬಂದು, ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಅಣ್ಣನ ಮುಖದ ಮೇಲೆ ಹಣೆಯಿಂದ ಗದ್ದದವರೆಗೆ ಇಳಿಸಿ, ತಮ್ಮ ಕೆನ್ನೆಯ ಮೇಲಕ್ಕೆ ಒತ್ತಿ ಲಟಲಟ ಅಂತ ನೆಟಿಗೆ ಮುರಿದರು. ಆಮೇಲೆ, ಇಷ್ಟು ದಿನವೂ ಬಿಗಿಹಿಡಿದಿದ್ದ ಅಳುವೆಲ್ಲ ಒಂದೇ ಸಲ ಹೊರಗೆ ಬಂತು. ಅಳುತ್ತಲೇ ನನ್ನ ಕಡೆ ತಿರುಗಿ, ಅದೇ ಕೈಗಳಿಂದ ನನ್ನ ಮುಖವನ್ನೂ ಸವರಿ ನೆಟಿಗೆ ಮುರಿದರು.

"ಒಳಗ ಬಾ ತಂಗಿ," ಅಂದರು.